ಸೀಟಿನಲ್ಲಿ ಕೂತ ಗೊಂಬೆ

ಗಂಡನ ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹೊರಟ ಮೇಲಿನ ಮೊದಲ ಬೆಳಿಗ್ಗೆ ಹಾಲು ಉಕ್ಕಿತು. ಒಲೆ ಒರೆಸುತ್ತಿದ್ದಾಗ ಆಸ್ಪತ್ರೆಯ ನರ್ಸ್ ಫೋನ್ ಮಾಡಿದರು.

"ಕೇಳೋಕೆ ಸಂಕೋಚ ಕಣಮ್ಮಾ. ನಮ್ಮ ಗೊಂಬೆ ನಿಮ್ಮಲ್ಲೇ ಉಳಿದಿದೆ. ಮಧ್ಯಾಹ್ನ ಕ್ಲಾಸಿದೆ."

ಕಾರಿನ ಸೀಟಿನಲ್ಲಿ ಮಗುವನ್ನು ಕೂರಿಸುವುದನ್ನು ಅಪ್ಪ ಅಮ್ಮಂದಿರಿಗೆ ಕಲಿಸುವ ಕ್ಲಾಸು. ನನ್ನ ಗಂಡ ಅದರಲ್ಲಿ ಎರಡು ಸಲ ಫೇಲಾಗಿ, ಮನೆಯಲ್ಲಿ ಅಭ್ಯಾಸ ಮಾಡಲು ಗೊಂಬೆಯನ್ನು ಕೇಳಿ ತಂದಿದ್ದ. ಒಳಗೆ ಮರಳು, ನಮ್ಮ ಮಗಳಷ್ಟೇ ಭಾರ. ಒಂದು ಸಂಜೆ ಕೊನೆಗೂ ಅದನ್ನು ಸೀಟಿಗೆ ಬಿಗಿದು, "ಬಾ, ಪಟ್ಟಿ ಚಿವುಟಿ ನೋಡು" ಎಂದ. ಬೆರಳಿಗೆ ಸಿಕ್ಕರೆ ಸಡಿಲ ಎಂದು ಲೆಕ್ಕ. ಸಿಗಲಿಲ್ಲ. ಊಟ ಮುಗಿಯುವವರೆಗೂ ಬೀಗಿದ. ಮರುದಿನ ಆಫೀಸಿನ ಮೆಟ್ಟಿಲ ಮೇಲೆ ಅವನ ಹೃದಯ ನಿಂತಿತು. ಆಮೇಲೆ ಕಾರು ಕದಲಿರಲಿಲ್ಲ.

ಆಸ್ಪತ್ರೆಗೆ ಹೊರಟಾಗ ಅತ್ತೆ ಮಗುವನ್ನೆತ್ತಿಕೊಂಡು ಕಾರಿನಲ್ಲಿ ಗೊಂಬೆಯ ಪಕ್ಕ ಕೂತರು.

"ಗೊಂಬೆಗೆ ಸಿಂಹಾಸನ, ಮೊಮ್ಮಗಳಿಗೆ ಮುದುಕಿ ತೊಡೆ. ಅದನ್ನ ಬಿಚ್ಚಬಾರದೇನೆ?"

"ಅವನು ಬಿಗಿದಿದ್ದು ಅತ್ತೆ."

ನಾನು ದಾರಿಯುದ್ದಕ್ಕೂ ನಿಧಾನವಾಗಿ ಓಡಿಸಿದೆ.

ನರ್ಸ್ ಕಾರಿನೊಳಗೆ ಬಗ್ಗಿ ನೋಡಿದರು. ಗೊಂಬೆಯನ್ನು, ಮಗುವನ್ನು, ಅತ್ತೆಯನ್ನು.

"ಎಷ್ಟೋ ವರ್ಷದಿಂದ ಕಲಿಸ್ತಿದೀನಿ. ಮರಳನ್ನ ಇಷ್ಟು ಜೋಪಾನವಾಗಿ ತಂದವರು ನೀವೇ ಮೊದಲು." ಗೊಂಬೆಯ ಭುಜದ ಬಳಿ ಚಿವುಟಿದರು. ಏನೂ ಸಿಗಲಿಲ್ಲ. "ನಿಮ್ಮ ಯಜಮಾನರು ಪಾಸಾಗಿಬಿಟ್ಟಿದ್ದಾರೆ."

"ಸೀಟ್ ಸಮೇತ ತಗೊಂಡುಬಿಡಿ," ಎಂದೆ.

"ಮಗು?"

"ಅತ್ತೆ ಹಿಡ್ಕೋತಾರೆ."

"ಜೋರಾಗಿ ಬ್ರೇಕ್ ಹಾಕಿದರೆ ಅವರ ಕೈ ನಿಲ್ಲಲ್ಲಮ್ಮಾ."

"ನನ್ನ ಕೈಗೇನಾಗಿದೆ?" ಎಂದರು ಅತ್ತೆ.

"ಯಾರ ಕೈಯೂ ನಿಲ್ಲಲ್ಲ."

ಅತ್ತೆ ತಮ್ಮ ಕೈ ನೋಡಿಕೊಂಡರು. ಆಮೇಲೆ ನನ್ನನ್ನು.

ನಾನು ಪಟ್ಟಿಯ ಕೆಂಪು ಗುಂಡಿ ಒತ್ತಿದೆ. ಟಕ್ ಎಂದಿತು, ಅಷ್ಟೇ. ಗೊಂಬೆಯನ್ನು ಕಾರಿನ ನೆತ್ತಿಯ ಮೇಲಿಟ್ಟು, ಮಗಳನ್ನು ಕೂರಿಸಿ, ಪಟ್ಟಿ ಎಳೆದೆ. ನರ್ಸ್ ಚಿವುಟಿದರು, ಪಟ್ಟಿ ಬೆರಳಿಗೆ ಸಿಕ್ಕಿತು.

"ಫೇಲು."

"ನಮ್ಮ ಮನೆಯಲ್ಲಿ ಇದು ಮಾಮೂಲು," ಎಂದರು ಅತ್ತೆ.

ಮತ್ತೆ ಎಳೆದೆ. ಮಗಳು ಒಮ್ಮೆ ಗುರ್ ಎಂದಳು. ಈ ಸಲ ನಾನೇ ಚಿವುಟಿದೆ. ಪಟ್ಟಿ ಸಿಗದೆ ಬೆರಳು ಜಾರಿತು. ಇನ್ನೊಮ್ಮೆ ಚಿವುಟಿದೆ. ನರ್ಸ್ ಅವಸರ ಮಾಡಲಿಲ್ಲ.

ಆಮೇಲೆ ಗೊಂಬೆಯನ್ನು ಇಳಿಸಿ, ಕತ್ತಿನ ಕೆಳಗೆ ಕೈ ಕೊಟ್ಟು, ಅವರಿಗೆ ಒಪ್ಪಿಸಿದೆ.