ಮಲಾವಿಗೆ ಒಂದು ಕೊಡ ನೀರು

"ಕಿವುಡಿಯೇನೆ ಬೋಳಿಮಗಳೆ? ಪಾತ್ರೆ ಅಲ್ಲೇ ಬಿಟ್ಟು ಹೊರಗೆ ನಡಿ," ಅಡುಗೆ ಕಂಟ್ರಾಕ್ಟಿನ ಬದರಿನಾಥ್ ಕೂಗಿದ. "ಆಂಟಿಯರಿಗೆ ಕೊಡ ಹೊರೋಕೆ ಬರ್ತಿಲ್ಲ. ನೀನು ತೋರಿಸ್ಬೇಕಂತೆ."

ಪರದೇಶದ ತಕಾನಿನಿ ಎಂಬ ಊರಿನ ಸಭಾಂಗಣದಲ್ಲಿ ಅಂದು ಅಲ್ಲಿನ ಕನ್ನಡಿಗರೆಲ್ಲ ಸೇರಿದ್ದು ಆಫ್ರಿಕಾದ ಮಲಾವಿಯ ಹಳ್ಳಿಗಳಿಗೆ ಬೋರ್‌ವೆಲ್ ಕೊರೆಸಲು. ಆ ಹಳ್ಳಿಯ ಹೆಂಗಸರಂತೆ ತಲೆಯ ಮೇಲೆ ಕೊಡ ಹೊತ್ತು ವೇದಿಕೆಯವರೆಗೆ ನಡೆದವರ ಹೆಸರಲ್ಲಿ ಚಂದಾ. ರೇಷ್ಮೆ ಸೀರೆಗಳೆಲ್ಲ ತೊಯ್ದು ತೊಪ್ಪೆಯಾಗಿದ್ದವು. ಒಂದು ಕೊಡವೂ ವೇದಿಕೆ ಮುಟ್ಟಿರಲಿಲ್ಲ.

ಪಾತ್ರೆ ತೊಳೆಯುತ್ತಿದ್ದ ವಸಂತಾ ಹೊರಗೆ ಬಂದು, ಒರೆಸುವ ಬಟ್ಟೆಯನ್ನೇ ಸಿಂಬಿ ಸುತ್ತಿ, ತುಂಬಿದ ಕೊಡ ತಲೆಗೇರಿಸಿ, ಕೈಬಿಟ್ಟು ನಡೆದಳು. ಒಂದು ಹನಿ ಚೆಲ್ಲಲಿಲ್ಲ. ಚಪ್ಪಾಳೆಯೋ ಚಪ್ಪಾಳೆ. ಅವಳಿಗೂ ಖುಷಿಯಾಯಿತು, ಸುಳ್ಳೇಕೆ? ಈ ದೇಶಕ್ಕೆ ಬಂದಮೇಲೆ ಅವಳನ್ನು ಯಾರಾದರೂ ಮುಖವೆತ್ತಿ ನೋಡಿದ್ದು ಅದೇ ಮೊದಲು.

ಸಂಘದ ಅಧ್ಯಕ್ಷೆ, ಆಲ್ಬನಿ ಬಡಾವಣೆಯ ಕಾತ್ಯಾಯಿನಿ ಮೈಕು ಹಿಡಿದಳು. "ಆ ಹೆಣ್ಣುಮಕ್ಕಳ ಕಷ್ಟ ಇವರಿಗೆ ಗೊತ್ತು ನೋಡಿ. ನಿಮ್ಮೂರಲ್ಲೂ ಬಾವಿ ತುಂಬಾ ದೂರ ಇತ್ತೇನಮ್ಮ?"

"ದೂರ ಎಲ್ಲೀದ್ರೀ? ಊರ ನಡುವನ ಇತ್ತು. ನಮ್ಮ ಕೇರಿಯವ್ರು ಹಗ್ಗ ಮುಟ್ಟಂಗಿರಲಿಲ್ಲ. ಮ್ಯಾಲಿನವ್ರು ಬಂದು ಸುರಿಯೂತನ ಕೊಡ ಇಟ್ಕೊಂಡು ನಿಂದ್ರತಿದ್ವಿ."

ಚಪ್ಪಾಳೆ ತಟ್ಟಿದ ಕೈಗಳು ತೊಡೆಯ ಮೇಲೆ ಇಳಿದವು. ಕಾತ್ಯಾಯಿನಿ "ಥ್ಯಾಂಕ್ಯೂ" ಎಂದವಳೇ ಹಾಡು ಹಾಕಿಸಿದಳು.

ಕೊನೆಯ ಗಂಗಾಪೂಜೆಗೆ ಆ ಕೊಡದ ನೀರನ್ನೇ ಇಡುವುದೆಂದು ಮಾತಾಗಿತ್ತು. ಕಾತ್ಯಾಯಿನಿ ಕೊಡವನ್ನು ಅಡುಗೆಮನೆಗೆ ತಂದು, ಅಷ್ಟೂ ನೀರನ್ನು ಸಿಂಕಿಗೆ ಸುರಿದಳು. ನೀರು ಒಳ್ಳೆಯದೇ, ಹೊತ್ತ ತಲೆ ಕೆಟ್ಟದ್ದು.

"ಬದರಿ, ಬೇರೆ ನೀರು ಹಿಡೀರಿ. ನಂಗೇನಿಲ್ಲಪ್ಪ, ಹಿರಿಯರೆಲ್ಲ ಬಂದಿದಾರೆ. ಇವ್ರು ಮುಟ್ಟೋದು ಬೇಡ."

ಬದರಿನಾಥ್ ಹಲ್ಲು ಗಿಂಜಿದ. ಅವಳು ಅತ್ತ ಹೋದದ್ದೇ ತಡ, ವಸಂತಾಳ ಮೇಲೆ ಹರಿಹಾಯ್ದ. "ಜಾತಿ ಹೇಳ್ಕೊಳ್ಳೋಕೆ ಮೈಕು ಬೇಕಿತ್ತೇನೆ ಮುಂಡೆ? ನಿನ್ನ ವೀಸಾ ನನ್ನ ಕೈಲಿದೆ. ಇನ್ನೊಂದ್ಸಲ ಬಾಯಿ ಬಿಟ್ರೆ ವಿಮಾನ ಹತ್ತಿಸ್ತೀನಿ."

ವಸಂತಾಳಿಗೆ ಮೈಯೆಲ್ಲ ಉರಿದುಹೋಯಿತು. ಸಮುದ್ರ ದಾಟಿ ಬಂದರೂ ಆ ಬಾವಿಕಟ್ಟೆ ಬೆನ್ನು ಬಿಟ್ಟಿರಲಿಲ್ಲ. ಅವಳು ಖಾಲಿ ಕೊಡವನ್ನು ನಲ್ಲಿಗೆ ಹಿಡಿದಳು.

"ಏಯ್, ಮುಟ್ಬೇಡ ಅಂದ್ರಲ್ಲ," ಬದರಿನಾಥ್ ಅಡ್ಡ ಬಂದ.

"ಸರಿ ಆಕಡೆ, ಭಾಡ್ಯಾ."

ಕೊಡ ಹೊತ್ತು ಸಭಾಂಗಣದ ನಟ್ಟನಡುವೆ ನಡೆದು, ಪೂಜೆಯ ಮಣೆಯ ಮುಂದೆ ಕಾತ್ಯಾಯಿನಿಯ ಕಾಲ ಬಳಿಯೇ ಇಳಿಸಿದಳು. ಹಾಡು ನಿಂತಿತು.

"ಮ್ಯಾಡಂ, ಒಳಗ ಯಾಕ ಚೆಲ್ಲತೀರಿ? ಇಲ್ಲೇ ಚೆಲ್ರಿ, ಎಲ್ಲಾರ ಮುಂದ."

ಕಾತ್ಯಾಯಿನಿ ಸುತ್ತಲೂ ನೋಡಿದಳು. ಕೊಡಕ್ಕೆ ಕೈ ಹಚ್ಚಲಿಲ್ಲ. ವಸಂತಾ ಏಪ್ರನ್ನಿಗೆ ಕೈ ಒರೆಸಿಕೊಂಡು ಅಲ್ಲೇ ನಿಂತಳು.

"ಚೆಲ್ರಿ. ನಾ ಮತ್ತ ತುಂಬ್ಕೊಂಡು ಬರ್ತೀನಿ."