ರುಕ್ಮಯ್ಯನ ಜಲಪಾತ

ಕಕ್ಕಿಂಜೆಯ ಧಣಿಗಳ ಗುಡ್ಡವನ್ನು ಮನೆ ಕಟ್ಟುವವರಿಗೆ ತುಂಡು ತುಂಡಾಗಿ ಮಾರಿಸಿಕೊಡಲು ಹೊರಟ ದಲ್ಲಾಳಿ ರುಕ್ಮಯ್ಯ ಮಂಗಳೂರಿನಲ್ಲಿ ನೋಟೀಸು ಅಚ್ಚು ಹಾಕಿಸಿದ್ದ: ‘ಪ್ರಕೃತಿಮಾತೆಯ ಮಡಿಲಲ್ಲಿ ಬಂಗಲೆ ಕಟ್ಟಿರಿ. ಘಟ್ಟದ ತಂಗಾಳಿ, ಅಂಗಳದಲ್ಲೇ ಜಲಪಾತ.’

ಜಲಪಾತವೆಂದರೆ ಗುಡ್ಡದ ಬುಡದ ಗುಡಿಸಲಿನ ಸೇಸಮ್ಮನ ಕುಡಿಯುವ ನೀರು. ಪ್ರತಿ ವರ್ಷ ಮಳೆ ಬಿಟ್ಟ ಮೇಲೆ ಅವಳು ಅಡಿಕೆ ಮರ ಸೀಳಿ, ತಿರುಳು ಕೆತ್ತಿ, ನೀರು ಹರಿಯಲು ದಂಬೆ ಮಾಡುತ್ತಿದ್ದಳು. ಒಂದರ ಬಾಯಿಗೆ ಇನ್ನೊಂದನ್ನು ಕೊಟ್ಟು ಗುಡ್ಡದ ಒರತೆಯನ್ನು ಬಂಡೆಯ ತುದಿಯವರೆಗೆ ತರುತ್ತಿದ್ದಳು. ಅಲ್ಲಿಂದ ನೀರು ಕೆಳಗಿನ ಕಲ್ಲುಮರಿಗೆಗೆ ಬೀಳುತ್ತಿತ್ತು.

ಶನಿವಾರ ರುಕ್ಮಯ್ಯ ಬಂದವನೇ ದಂಬೆಗಳು ಕಾಣದ ಹಾಗೆ ಜರಿಗಿಡ ಹೊದಿಸಿದ.

“ನಾಳೆ ಪೇಟೆಯವರು ಬರ್ತಾರೆ ಸೇಸಮ್ಮ. ಕೊಡಪಾನ, ಬಟ್ಟೆ, ದನ, ಒಂದೂ ಇಲ್ಲಿ ಕಾಣಬಾರದು.”

“ನಾನು?”

“ನೀನೂ.”

“ಜಾಗ ಮಾರಿದ ಮೇಲೆ ನನಗೆ ನೀರು?”

“ನೋಡುವ ಮಾರಾಯ್ತಿ. ಬಾವಿಗೀವಿ ತೋಡಿಸುವ.”

“ಯಾರು ತೋಡಿಸುವುದು?”

ರುಕ್ಮಯ್ಯ ಎಲೆಯಡಿಕೆ ಉಗುಳಲು ಆಚೆ ಹೋದ.

ಆದಿತ್ಯವಾರ ಮಂಗಳೂರಿನ ವಕೀಲರೊಬ್ಬರು ಹೆಂಡತಿಯೊಂದಿಗೆ ಕಾರಿನಲ್ಲಿ ಬಂದಿಳಿದರು. ಆಕೆ ನೀರಿಗೆ ಕೈಯೊಡ್ಡಿ, “ಅಯ್ಯಬ್ಬ, ಎಷ್ಟು ತಂಪು!” ಎಂದರು.

“ಸಾವಿರ ವರ್ಷದಿಂದ ಹೀಗೇ ಬೀಳ್ತಾ ಉಂಟು ಅಮ್ಮ,” ಎಂದ ರುಕ್ಮಯ್ಯ. “ಮನುಷ್ಯರ ಕೈ ತಾಗಲಿಲ್ಲ.”

ಬಂಡೆಯ ಹಿಂದೆ ಕೂತಿದ್ದ ಸೇಸಮ್ಮ ಎದ್ದಳು. ಕೈ ತಾಗಲಿಲ್ಲವಂತೆ! ಅವಳ ಅಂಗೈಯಲ್ಲಿ ಕತ್ತಿಯ ಗಾಯ ಇನ್ನೂ ಒಣಗಿರಲಿಲ್ಲ. ತುದಿಯ ದಂಬೆಯನ್ನು ಎತ್ತಿ ಹೆಗಲಿಗೇರಿಸಿದಳು. ನೀರು ಹಿಂದೆಯೇ ಚೆಲ್ಲಿ ತರಗೆಲೆಯೊಳಗೆ ಇಂಗಿತು. ವಕೀಲರ ಹೆಂಡತಿಯ ಕೈಯ ಮೇಲೆ ಎರಡು ಹನಿ ಬಿದ್ದು ಜಲಪಾತ ನಿಂತಿತು.

ಜರಿಗಿಡ ನೇತಾಡುತ್ತಿದ್ದ ದಂಬೆಯನ್ನು ಸೇಸಮ್ಮ ಅವರ ಕಾಲ ಬುಡದಲ್ಲಿ ಇಳಿಸಿದಳು.

“ಹೋದ ವರ್ಷ ಗಾಳಿಗೆ ಬಿದ್ದ ಅಡಿಕೆ ಮರ ಇದು. ಸೀಳಿದ್ದು ನಾನು. ಕುಡಿಯುವುದೂ ನಾನೇ.”

ವಕೀಲರು ನಕ್ಕುಬಿಟ್ಟರು. “ಅದಕ್ಕೂ ಸೇರಿಸಿ ಕ್ರಯ ಹೇಳಿ ರುಕ್ಮಯ್ಯ.”

“ಗುಡ್ಡದ ಕ್ರಯ ಅವರು ಹೇಳಲಿ,” ಎಂದಳು ಸೇಸಮ್ಮ. “ದಂಬೆ ಮಾರಲಿಕ್ಕಿಲ್ಲ.”

ಹೆಂಡತಿ ಸೆರಗಿನಿಂದ ಕೈ ಒರೆಸಿಕೊಂಡು, “ಹೋಗುವ,” ಎಂದರು. ಕಾರು ಹೋಯಿತು.

“ನನ್ನ ಹೊಟ್ಟೆಗೆ ಹೊಡೆದಿ,” ಎಂದ ರುಕ್ಮಯ್ಯ. “ಗುಡ್ಡ ಧಣಿಗಳದ್ದು, ನೆನಪಿರಲಿ. ಬರುವ ಆದಿತ್ಯವಾರ ಮೂಡಬಿದ್ರೆಯವರು ಬರ್ತಾರೆ.”

“ಬರಲಿ. ಅವತ್ತು ದನವನ್ನೂ ಇಲ್ಲೇ ಮೀಯಿಸ್ತೇನೆ.”

ಸೇಸಮ್ಮ ಜರಿಗಿಡವನ್ನೆಲ್ಲ ಕಿತ್ತು ಬಿಸಾಡಿ, ದಂಬೆಯನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿ, ಕೊಡಪಾನ ಇಟ್ಟಳು. ಅದು ತುಂಬುವವರೆಗೂ ರುಕ್ಮಯ್ಯನ ಮುಖವನ್ನೇ ನೋಡುತ್ತ ನಿಂತಳು.