ಇದೇ ದಿನ ಅಗಲಿದ ಐವರು

ಪತ್ರಿಕಾ ಕಚೇರಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಸಂಬಳದ ವಿಭಾಗದವರು ಮಾತ್ರ. ಉಳಿದವರಿಗೆಲ್ಲ ಅವನು ಚಿತ್ರಗುಪ್ತ. ಎರಡನೇ ಪುಟದ ಎಡಮೂಲೆಯಲ್ಲಿ ದಿನವೂ ಬರುವ ‘ಇದೇ ದಿನ ಅಗಲಿದವರು’ ಅಂಕಣವನ್ನು ಇಪ್ಪತ್ತಾರು ವರ್ಷಗಳಿಂದ ಅವನೊಬ್ಬನೇ ನಡೆಸಿಕೊಂಡು ಬಂದಿದ್ದ. ಅವನ ಮೇಜಿನ ಪಕ್ಕದ ಮರದ ಬೀರುವಿನಲ್ಲಿ ಮುನ್ನೂರ ಅರವತ್ತಾರು ಗೂಡುಗಳು. ವರ್ಷದ ಒಂದೊಂದು ದಿನಕ್ಕೆ ಒಂದೊಂದು. ಆಯಾ ತಾರೀಖಿನಂದು ಸತ್ತ ದೊಡ್ಡ ಮನುಷ್ಯರ ಚೀಟಿಗಳು ಆಯಾ ಗೂಡಿನಲ್ಲಿ. ರಾಜನ ಪಕ್ಕದಲ್ಲಿ ಕುಸ್ತಿಪಟು, ವಿಜ್ಞಾನಿಯ ಬೆನ್ನಿಗೆ ಹಾಸ್ಯನಟ. ಬದುಕಿದ್ದಾಗ ಒಬ್ಬರ ಮುಖ ಒಬ್ಬರು ನೋಡದವರು ಅಲ್ಲಿ ಮೈಗೆ ಮೈ ತಾಗಿಸಿಕೊಂಡು ಮಲಗಿದ್ದರು. ಫೆಬ್ರವರಿ ಇಪ್ಪತ್ತೊಂಬತ್ತರ ಗೂಡಿನಲ್ಲಿ ಮೂವರೇ ಇದ್ದರು. “ಅಲ್ಲಿ ಜಾಗ ಖಾಲಿ ಇದೆ ನೋಡ್ರಪ್ಪ, ಯಾರಿಗಾದ್ರೂ ಬೇಕಾದ್ರೆ ಈಗ್ಲೇ ಹೇಳಿ,” ಎಂದು ಹೊಸಬರನ್ನು ಹೆದರಿಸುವುದು ಅವನ ಹಳೆಯ ತಮಾಷೆ.

ಅಂಕಣಕ್ಕೆ ಎರಡು ಕಟ್ಟುಪಾಡುಗಳಿದ್ದವು. ದಿನಕ್ಕೆ ಐದೇ ಜನ, ಒಬ್ಬೊಬ್ಬರಿಗೆ ಒಂದೇ ಸಾಲು. ಮತ್ತು ಪ್ರತಿ ಸಾಲಿನ ಕೊನೆಗೂ ಸಾವಿನ ಕಾರಣ ಇರಲೇಬೇಕು: ಕ್ಷಯ, ಹೃದಯಾಘಾತ, ಹಡಗು ಮುಳುಗಡೆ, ವೃದ್ಧಾಪ್ಯ. ಎಂದೋ ತೀರಿಕೊಂಡ ಸಂಪಾದಕರೊಬ್ಬರು ಹಾಕಿಕೊಟ್ಟ ಕ್ರಮ ಇದು. ಸಾಧನೆಯನ್ನು ಓದುಗ ಮರೆತಾನು, ಸತ್ತದ್ದು ಹೇಗೆ ಎಂಬುದನ್ನು ಮರೆಯಲಾರ ಎಂಬುದು ಅವರ ಲೆಕ್ಕಾಚಾರ. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಒಂದು ದಿನ ಕಾರಣ ಬಿಟ್ಟುಹೋದರೂ ಮೂವತ್ತು ಜನ ಫೋನ್ ಮಾಡಿ ಪ್ರಾಣ ತಿನ್ನುತ್ತಿದ್ದರು.

ಮೂವತ್ತೆಂಟು ವರ್ಷಗಳ ಹಿಂದೆ ಅಂಥದೊಂದು ತಾರೀಖಿನಂದು ಚಿತ್ರಗುಪ್ತನ ಅಕ್ಕ ಸತ್ತಿದ್ದಳು. ಅದೇ ದಿನ ದೇಶದ ನಾಯಕನೂ ಸತ್ತಿದ್ದ. ಪತ್ರಿಕೆಯ ಆರು ಪುಟಗಳು ಕಪ್ಪು ಅಂಚು ಹೊತ್ತು ಅವನಿಗಾಗಿ ಅತ್ತವು. ಅಕ್ಕನಿಗೆ ಸಿಕ್ಕಿದ್ದು ಏಳನೇ ಪುಟದ ತಳದಲ್ಲಿ ನಾಲ್ಕು ಸಾಲು.

ಅಕ್ಕ ನಗರದ ಆರೋಗ್ಯ ಇಲಾಖೆಯಲ್ಲಿ ಕೆಲಸಕ್ಕಿದ್ದಳು. ಆ ವರ್ಷ ವಿಷಮಶೀತ ಜ್ವರ ಊರನ್ನು ಮುಕ್ಕುತ್ತಿತ್ತು. ಇಪ್ಪತ್ತಾರರ ಹುಡುಗಿ, ಮನೆಮನೆ ಹತ್ತಿಳಿದು, ಸತ್ತವರ ಮನೆಗೊಂದರಂತೆ ಊರಿನ ನಕ್ಷೆಯ ಮೇಲೆ ಕೆಂಪು ಚುಕ್ಕೆ ಇಟ್ಟುಕೊಂಡು ಹೋದಳು. ಆ ನಕ್ಷೆ ಅವರ ಅಡುಗೆಮನೆಯ ನೆಲದ ಮೇಲೇ ಹರಡಿರುತ್ತಿತ್ತು. ಪಾತ್ರೆ ತೆಗೆಯಬೇಕಾದರೆ ಅಮ್ಮ ಅದನ್ನು ದಾಟಿಕೊಂಡೇ ಹೋಗಬೇಕು. ಚುಕ್ಕೆಗಳೆಲ್ಲ ಒಂದೇ ನೀರಿನ ಕೊಳವೆಯ ಎರಡೂ ಮಗ್ಗುಲಿಗೆ ಸಾಲುಗಟ್ಟಿದಾಗ ಅಕ್ಕ ನಕ್ಷೆ ಸುತ್ತಿಕೊಂಡು ಆರೋಗ್ಯಾಧಿಕಾರಿಯ ಬಳಿ ಓಡಿದಳು. ಅವನು ಅದನ್ನು ಮೇಜಿನ ಖಾನೆಗೆ ಹಾಕಿ ಮೂರು ವಾರ ಕೂತ. ಕೊಳವೆ ಮುಚ್ಚಿದರೆ ಮೇಲಿನವರು ಏನೆನ್ನುತ್ತಾರೋ ಎಂಬ ಪುಕ್ಕಲು. ಮೂರು ವಾರ ಅಕ್ಕ ಚುಕ್ಕೆ ಇಡುತ್ತಲೇ ಇದ್ದಳು. ಕೊನೆಗೆ ಕೊಳವೆ ಮುಚ್ಚಿದ, ರೋಗ ನಿಂತಿತು, ಊರು ಅವನನ್ನು ಹೊತ್ತು ಕುಣಿಯಿತು. ಅಕ್ಕ ಮಾತ್ರ ಆ ಮೂರು ವಾರದ ಚುಕ್ಕೆಗಳಿಂದ ಹೊರಗೆ ಬರಲಿಲ್ಲ. ಹತ್ತೇ ದಿನಕ್ಕೆ ತನ್ನ ಜೀವ ತಾನೇ ತೆಗೆದುಕೊಂಡಳು.

ಆಗ ಅಮ್ಮ ಅದೇ ರೋಗ ಹತ್ತಿ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಳು. ಅವಳು ಎದ್ದು ಮನೆಗೆ ಬಂದಾಗ ಅಪ್ಪ, “ದೊಡ್ಡೋಳಿಗೂ ಜ್ವರ ತಗುಲಿತು, ವಾರ್ಡಿನಲ್ಲೇ ಹೋದ್ಲು, ದೇಹ ಮನೆಗೆ ಕೊಡ್ಲಿಲ್ಲ,” ಎಂದು ಹೇಳಿಬಿಟ್ಟ. ಆ ದಿನಗಳಲ್ಲಿ ರೋಗದಿಂದ ಸತ್ತವರನ್ನು ಮನೆಗೆ ಕೊಡುತ್ತಲೂ ಇರಲಿಲ್ಲ. ಆಗ ಹತ್ತೊಂಬತ್ತರ ಹುಡುಗನಾಗಿದ್ದ ಚಿತ್ರಗುಪ್ತ, ನಿಜ ಅಚ್ಚಾಗಿದ್ದ ಆ ಏಳನೇ ಪುಟವನ್ನು ಹರಿದು ಒಲೆಗೆ ಹಾಕಿದ. ಆರು ವರ್ಷದ ತಂಗಿಗೂ ಅದೇ ಮಾತು ಹೇಳಿದರು. ಅಪ್ಪ ಹೋದ ಮೇಲೆ ನಿಜ ಗೊತ್ತಿದ್ದದ್ದು ಚಿತ್ರಗುಪ್ತನೊಬ್ಬನಿಗೆ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಹನ್ನೆರಡು ವರ್ಷಗಳ ಹಿಂದೆ ಆ ಆರೋಗ್ಯಾಧಿಕಾರಿ ಹಣ್ಣುಹಣ್ಣು ಮುದುಕನಾಗಿ ಸತ್ತ. ಸಾಯಲು ಅವನಿಗೆ ಬೇರೆ ದಿನವೇ ಸಿಗಲಿಲ್ಲ. ಅಕ್ಕ ಸತ್ತ ತಾರೀಖಿನಂದೇ ಸತ್ತ. ಮರುವರ್ಷ ಆ ಗೂಡಿಗೆ ಅವನ ಚೀಟಿ ಬಂತು. ಚೀಟಿ ಬರೆದವನೂ ಚಿತ್ರಗುಪ್ತನೇ. ‘ಸಾಂಕ್ರಾಮಿಕದಿಂದ ಊರನ್ನು ಉಳಿಸಿದ ಮಹನೀಯ. ವೃದ್ಧಾಪ್ಯ.’ ಕಡತದಲ್ಲಿ ಇದ್ದದ್ದು ಅದು, ಹೊಟ್ಟೆಪಾಡು ಬರೆಸಿದ್ದೂ ಅದೇ.

ಅದೇ ವರ್ಷ ಅಮ್ಮನ ಎರಡೂ ಕಣ್ಣಿಗೆ ಪೊರೆ ಬಂದು ಓದು ನಿಂತಿತ್ತು. ಬೆಳಗಿನ ಹೊತ್ತು ಮಗನೇ ಅಂಕಣವನ್ನು ಓದಿ ಹೇಳಬೇಕು. ಆ ತಾರೀಖಿನ ದಿನ ಐದನೇ ಸಾಲಿನ ಆರೋಗ್ಯಾಧಿಕಾರಿಗೆ ಬಂದಾಗ ಅವನ ನಾಲಿಗೆ ಹೊರಳಲಿಲ್ಲ. ಅಡುಗೆಮನೆಯ ನೆಲದ ಮೇಲೆ ನಕ್ಷೆ ದಾಟಿಕೊಂಡು ಓಡಾಡಿದವಳ ಎದುರು ಆ ಮಹನೀಯನನ್ನು ಹೇಗೆ ಓದುವುದು? ಅವನ ಬಾಯಿ ತಾನಾಗಿ ಅಕ್ಕನ ಹೆಸರು ಓದಿತು. ಊರನ್ನು ಉಳಿಸಿದ ತರುಣಿ ಎಂದಿತು. ಸಾಂಕ್ರಾಮಿಕ ಜ್ವರ ಎಂದು ಮುಗಿಸಿತು. ಅಮ್ಮ ಕೈಯಲ್ಲಿದ್ದ ಲೋಟ ಕೆಳಗಿಟ್ಟು, “ಇನ್ನೊಂದ್ಸಲ ಓದು,” ಎಂದಳು.

ಹನ್ನೊಂದು ವರ್ಷ ಓದಿದ. ವರ್ಷದಿಂದ ವರ್ಷಕ್ಕೆ ಒಂದೆರಡು ಒಳ್ಳೆಯ ಮಾತು ಸೇರಿಸಿ ಓದಿದ. ಕಣ್ಣಿನ ಆಪರೇಷನ್ನಿಗೆ ಅಮ್ಮ ಹೆದರುತ್ತಿದ್ದಳು ನಿಜ. ಅವನೂ ಬಲವಂತ ಮಾಡಲಿಲ್ಲ. ಯಾಕೆ ಮಾಡಲಿಲ್ಲ ಎಂದು ಕೇಳಿಕೊಳ್ಳುವ ಧೈರ್ಯ ಅವನಿಗಿರಲಿಲ್ಲ. ಹೆತ್ತ ತಾಯಿಯನ್ನು ಸುಳ್ಳಿಗಾಗಿ ಕತ್ತಲಲ್ಲಿ ಕೂರಿಸಿದ ಮಗ ಅವನು. ಇದನ್ನು ನಯವಾಗಿ ಹೇಳುವ ದಾರಿಯಿಲ್ಲ.

ಈ ವರ್ಷ ತಂಗಿ ಬಂದು ಇಬ್ಬರನ್ನೂ ತರಾಟೆಗೆ ತೆಗೆದುಕೊಂಡಳು. “ಅರ್ಧ ಗಂಟೆ ಕೆಲಸಕ್ಕೆ ಹನ್ನೊಂದು ವರ್ಷ ಎಳೆದಿದೀಯಲ್ಲೋ, ನಾಚಿಕೆ ಆಗಲ್ವಾ?” ಎಂದು ಆಸ್ಪತ್ರೆಯಲ್ಲಿ ದಿನ ಗೊತ್ತುಮಾಡಿಯೇಬಿಟ್ಟಳು. ಅಕ್ಕ ಸತ್ತ ತಾರೀಖಿನ ಹಿಂದಿನ ದಿನ ಆಪರೇಷನ್. ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚುವುದು. ಅಮ್ಮ ಸಣ್ಣ ಮಗುವಿನಂತೆ ಹಿಗ್ಗಿದಳು. “ಪಟ್ಟಿ ಬಿಚ್ಚಿದ ತಕ್ಷಣ ಪೇಪರ್ ಕೊಡ್ಬೇಕು ನನಗೆ. ದೊಡ್ಡೋಳ ಹೆಸರು ನಾನೇ ಓದ್ತೀನಿ.”

ಈ ಸಲ ಹೆಸರು ನಿಜವಾಗಿಯೂ ಅಚ್ಚಾಗಬೇಕು. ಇಲ್ಲವಾದರೆ ಹನ್ನೊಂದು ವರ್ಷದ ಸುಳ್ಳಿನ ಕಂತೆ ಒಂದೇ ಬೆಳಿಗ್ಗೆ ಬಿಚ್ಚಿಕೊಳ್ಳುತ್ತದೆ.

ಚಿತ್ರಗುಪ್ತ ಸಂಪಾದಕರ ಕೋಣೆಗೆ ಹೋಗಿ, ನಾಡಿದ್ದಿನ ಅಂಕಣಕ್ಕೆ ಹೊಸದೊಂದು ಸೇರ್ಪಡೆ ಇದೆ ಎಂದ. ಅಕ್ಕ ಎಂದು ಹೇಳಲಿಲ್ಲ; ಸಿಬ್ಬಂದಿಯ ನೆಂಟರನ್ನು ಅಂಕಣಕ್ಕೆ ಸೇರಿಸುವಂತಿರಲಿಲ್ಲ. ನಕ್ಷೆಯ ವಿಷಯ ಹೇಳಿದ, ಚುಕ್ಕೆಗಳ ವಿಷಯ ಹೇಳಿದ. ಸಂಪಾದಕರು ಕನ್ನಡಕ ಹಣೆಗೇರಿಸಿದರು.

“ಚೆನ್ನಾಗಿದೆಯಪ್ಪ. ಆದ್ರೆ ಐದು ಜನ ಇದಾರಲ್ಲ. ಯಾರನ್ನ ಎಬ್ಬಿಸ್ತೀಯಾ?”

“ಆರೋಗ್ಯಾಧಿಕಾರಿನ ಬಿಡೋಣ ಅಂತ.”

“ತಲೆ ನೆಟ್ಟಗಿದೆಯಾ? ಅವರ ಹೆಸರಿನ ರಸ್ತೇಲೇ ನಮ್ಮ ಆಫೀಸಿರೋದು.”

“ಹಾಗಾದ್ರೆ ಗಣಿತಜ್ಞರನ್ನ.”

“ಹಾಂ, ಅವರನ್ನ ಬಿಡು. ಅವರ ಕಡೆಯವರು ಯಾರೂ ಜಗಳಕ್ಕೆ ಬರಲ್ಲ.”

ಹೀಗೆ ಒಬ್ಬ ಗಣಿತಜ್ಞ ಆ ವರ್ಷದ ಮಟ್ಟಿಗೆ ಸಾಯದೆ ಉಳಿದ. ಅಕ್ಕನಿಗೆ ಜಾಗ ಸಿಕ್ಕಿತು, ಅದೂ ಅವಳ ನಕ್ಷೆಯನ್ನು ಖಾನೆಗೆ ಹಾಕಿದವನ ಕೆಳಗೆ.

ಚಿತ್ರಗುಪ್ತ ಸಾಲು ಬರೆಯಲು ಕೂತ. ಹೆಸರು ಬರೆದ, ಕೆಲಸ ಬರೆದ, ನಕ್ಷೆ ಬರೆದ. ಕಾರಣದ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಸಾಂಕ್ರಾಮಿಕ ಜ್ವರ ಎಂದು ಹನ್ನೊಂದು ಸಲ ಬಾಯಲ್ಲಿ ಹೇಳಿದವನಿಗೆ ಒಂದು ಸಲ ಕೈಯಲ್ಲಿ ಬರೆಯಲು ಆಗಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಒಂದು ಸುಳ್ಳು ಕಾರಣವನ್ನೂ ಅವನು ಅಚ್ಚಿಗೆ ಕಳಿಸಿರಲಿಲ್ಲ. ಬಾಯಿಗೆ ಇಲ್ಲದ ಮಾನ ಕೈಗೆ ಎಲ್ಲಿಂದ ಬಂತೋ, ನೋಡಿ. ಅಂಥ ಮರ್ಯಾದಸ್ಥ ಕೈಯನ್ನು ಏನೆಂದು ಬೈಯಬೇಕೋ ನನಗೆ ತಿಳಿಯದು. ಅರ್ಧ ಗಂಟೆ ಒದ್ದಾಡಿ ಅವನು ಕಾರಣದ ಜಾಗವನ್ನು ಖಾಲಿ ಬಿಟ್ಟ. ಮೂವತ್ತು ಫೋನ್ ಬಂದರೆ ಬರಲಿ.

ಅಂಕಣ ಅಚ್ಚಿಗೆ ಹೋಗುವ ಮೊದಲು ದಾಖಲೆ ಕೋಣೆಯ ಮೇಡಂ ಸಹಿ ಬೀಳಬೇಕು. ಅಲ್ಲಿ ಪತ್ರಿಕೆಯ ಹಳೆಯ ಸಂಚಿಕೆಗಳನ್ನೆಲ್ಲ ವರ್ಷವಾರು ದಪ್ಪ ರಟ್ಟು ಹಾಕಿ ಇಟ್ಟಿದ್ದರು. ಯಾವ ಸಂಗತಿಯನ್ನೂ ಅದರಲ್ಲಿ ತಾಳೆ ನೋಡದೆ ಬಿಡದ ಆಕೆಯನ್ನು ಎಲ್ಲರೂ ಭೂತಗನ್ನಡಿ ಎನ್ನುತ್ತಿದ್ದರು. ಆದರೆ ಚಿತ್ರಗುಪ್ತನ ಬರಹವೆಂದರೆ ಆಕೆಗೆ ಕಣ್ಣುಮುಚ್ಚಿ ಸಹಿ ಹಾಕುವಷ್ಟು ನಂಬಿಕೆ. ಆಪರೇಷನ್ ದಿನ ಮಧ್ಯಾಹ್ನ ಆಕೆ ಊಟಕ್ಕೆ ಹೋಗಿದ್ದಾಗ ಅವನು ಹಾಳೆಯನ್ನು ಆಕೆಯ ಮೇಜಿನ ಕಡತದ ಟ್ರೇಯಲ್ಲಿಟ್ಟು ಆಸ್ಪತ್ರೆಗೆ ಹೊರಟ. ಕೊನೆಯ ಪ್ರೂಫ್ ನೋಡದೆ ಹೋದದ್ದು ಅದೇ ಮೊದಲು. ಆಸ್ಪತ್ರೆಯ ಬಾಗಿಲಲ್ಲಿ ಫೋನ್ ಆರಿಸಿ ಜೇಬಿಗೆ ಹಾಕಿಕೊಂಡ.

ಮರುದಿನ ಬೆಳಿಗ್ಗೆ ಡಾಕ್ಟರು ಪಟ್ಟಿ ಬಿಚ್ಚಿದರು. ಅಮ್ಮ ಮೊದಲು ಕಿಟಕಿ ನೋಡಿದಳು, ಆಮೇಲೆ ಮಗಳ ಮುಖ, ಆಮೇಲೆ ಮಗನದು. “ಎಷ್ಟು ಬೆಳ್ಳಗಾಗಿಬಿಟ್ಟಿದೆಯೋ ನಿನ್ನ ತಲೆ!” ಎಂದು ನಕ್ಕಳು. ಪೇಪರನ್ನು ಮೊದಲು ತಾನು ನೋಡಬೇಕೆಂದು ಅವನು ಅಂದುಕೊಂಡಿದ್ದ. ಅಷ್ಟರಲ್ಲಿ ತಂಗಿ ಕೆಳಗಿನ ಅಂಗಡಿಯಿಂದ ತಂದು ನೇರ ಅಮ್ಮನ ಕೈಗೇ ಕೊಟ್ಟಳು.

ಅಮ್ಮ ದಪ್ಪ ಕನ್ನಡಕ ಏರಿಸಿ, ಬೆರಳಿಟ್ಟುಕೊಂಡು, ಶಾಲೆಯ ಮಕ್ಕಳಂತೆ ಗಟ್ಟಿಯಾಗಿ ಓದತೊಡಗಿದಳು. ಮೊದಲ ಸಾಲು ದೇಶದ ನಾಯಕನದು. ಹೃದಯಾಘಾತ. ಚಿತ್ರಗುಪ್ತ ನೆಮ್ಮದಿಯಿಂದ ಗೋಡೆಗೆ ಒರಗಿ, ಆರಿಸಿದ್ದ ಫೋನನ್ನು ಆನ್ ಮಾಡಿದ. ಮೂರು ಸಲ ಕರೆ ಮಾಡಿಯೂ ಅವನು ಸಿಗದೆ, ಭೂತಗನ್ನಡಿ ಒಂದು ಸಂದೇಶ ಕಳಿಸಿದ್ದಳು.

‘ಸಾರ್, ಹೊಸ ಹೆಸರಿಗೆ ಸಾವಿನ ಕಾರಣ ಬಿಟ್ಟುಹೋಗಿತ್ತು. ಅಮ್ಮನ ಆಪರೇಷನ್ ಗಡಿಬಿಡಿಯಲ್ಲಿ ಮರೆತಿರಬೇಕು. ನಾಯಕರು ತೀರಿಕೊಂಡ ಸಂಚಿಕೆಯ ಏಳನೇ ಪುಟದಲ್ಲಿ ಸಿಕ್ಕಿತು. ಸೇರಿಸಿದ್ದೇನೆ. ನೀವು ನಿಶ್ಚಿಂತೆಯಿಂದಿರಿ.’

ಅಮ್ಮ ಎರಡನೇ ಸಾಲಿನ ಗಾಯಕಿಯನ್ನು ದಾಟಿ ಮೂರನೇ ಸಾಲಿನಲ್ಲಿದ್ದಳು.

“ಅಮ್ಮಾ, ಸಾಕು, ಕಣ್ಣಿಗೆ ಆಯಾಸ ಆಗುತ್ತೆ. ಕೊಡಿಲ್ಲಿ, ನಾನು ಓದ್ತೀನಿ.”

“ಸುಮ್ನಿರೋ. ಹನ್ನೊಂದು ವರ್ಷ ನೀನೇ ಓದಿದ್ದಾಯ್ತಲ್ಲ.”

“ಡಾಕ್ಟ್ರು ಬೈತಾರೆ ಅಮ್ಮ...” ಎಂದು ಅವನು ಪೇಪರಿಗೆ ಕೈ ಹಾಕಿದ. ತಂಗಿ ಆ ಕೈಗೆ ಫಟಾರನೆ ಒಂದು ಕೊಟ್ಟಳು. “ಓದ್ಲಿ ಬಿಡೋ, ಪಾಪ!”

ನಾಲ್ಕನೇ ಸಾಲಿನ ಆರೋಗ್ಯಾಧಿಕಾರಿಗೆ ಬಂದಾಗ ಅಮ್ಮನ ಹುಬ್ಬು ಗಂಟಾಯಿತು. “ಇವನನ್ನೂ ಹಾಕ್ತಾರಾ? ನೀನು ಹೇಳೇ ಇರ್ಲಿಲ್ಲ,” ಎಂದಳು. ಐದನೇ ಸಾಲಿನಲ್ಲಿ ಹೆಸರು ಕಂಡಾಗ ಬೆರಳು ತಡೆಯಿತು. ಹೆಸರನ್ನು ಎರಡು ಸಲ ಓದಿದಳು. ಆಮೇಲೆ ನಿಧಾನವಾಗಿ, ಒಂದಕ್ಷರವನ್ನೂ ಬಿಡದೆ ಮುಂದುವರಿದಳು. “ಮನೆಮನೆಗೆ ತಿರುಗಿ... ಸಾವಿನ ನಕ್ಷೆ ಬರೆದು... ರೋಗದ ಮೂಲ ತೋರಿಸಿಕೊಟ್ಟ... ಆರೋಗ್ಯ ಕಾರ್ಯಕರ್ತೆ. ಆತ್ಮಹತ್ಯೆ.”

ತಂಗಿ, “ಏನು?” ಎಂದಳು. ಅಮ್ಮ ಮತ್ತೆ ಮೊದಲಿನಿಂದ ಓದಿದಳು, ಈ ಸಲ ಮನಸ್ಸಿನಲ್ಲಿ, ತುಟಿ ಮಾತ್ರ ಅಲ್ಲಾಡಿಸುತ್ತ. ಬೆರಳು ಕೊನೆಗೆ ಬಂದು ಅಲ್ಲೇ ಕೂತಿತು.

“ಜ್ವರ ಅಂದಿದ್ರು ನಿಮ್ಮಪ್ಪ,” ಎಂದಳು.

ಚಿತ್ರಗುಪ್ತ ಫೋನನ್ನು ಜೇಬಿಗೆ ಹಾಕಿಕೊಂಡ.

“ನೀನೂ ಜ್ವರ ಅಂತಾನೇ ಓದ್ತಿದ್ದೆ.” ಅಮ್ಮ ತಲೆ ಎತ್ತಿ ಹೊಸ ಕಣ್ಣಿನಿಂದ ಅವನನ್ನು ನೋಡಿದಳು. “ಇದು ಪ್ರತಿ ವರ್ಷಾನೂ ಹೀಗೇ ಬರ್ತಿತ್ತಾ? ನೀನು ಮುಚ್ಚಿಟ್ಟು ಓದ್ತಿದ್ಯಾ?”

ಅವನಿಗೆ ಎರಡೇ ದಾರಿ ಇದ್ದವು. ಇಲ್ಲಮ್ಮ, ಯಾವ ವರ್ಷವೂ ಅಕ್ಕನ ಹೆಸರೇ ಬರಲಿಲ್ಲ, ಬಂದದ್ದೆಲ್ಲ ಆ ಆರೋಗ್ಯಾಧಿಕಾರಿಯ ಹೆಸರು, ಉಳಿದದ್ದು ನನ್ನ ಬಾಯಿಂದ ಉದುರಿದ್ದು ಎನ್ನಬೇಕು. ಹಾಗೆಂದರೆ ಸತ್ತ ಮಗಳ ಜೊತೆಗೆ ಅವಳ ಹನ್ನೊಂದು ವರ್ಷದ ಹೆಮ್ಮೆಯನ್ನೂ ಇದೇ ಮಂಚದ ಮೇಲೆ ಕಿತ್ತುಕೊಂಡಂತೆ. ಇಲ್ಲವೇ ಹೌದು ಎನ್ನಬೇಕು.

“ಹೌದಮ್ಮ,” ಎಂದ. “ನಾನೇ ಅದೊಂದನ್ನ ಮುಚ್ಚಿಟ್ಟು ಓದ್ತಿದ್ದೆ.”

ತಂಗಿ ಅಳುತ್ತಿದ್ದಳು.

“ಅಂದ್ರೆ ಎಲ್ರಿಗೂ ಗೊತ್ತಿತ್ತು,” ಎಂದಳು ಅಮ್ಮ. “ಎದುರುಮನೆಯವಳಿಗೆ, ಹಾಲಿನವನಿಗೆ, ಮೇಲಿನ ಮನೆ ಟೀಚರಿಗೆ. ಪ್ರತಿ ವರ್ಷ ಎಲ್ರಿಗೂ ಹೇಳ್ಕೊಂಡು ಬರ್ತಿದ್ದೆ ನಾನು, ಇವತ್ತು ನನ್ನ ಮಗಳ ಹೆಸರು ಬಂದಿದೆ ನೋಡಿ, ಪಾಪ ಜ್ವರದಲ್ಲಿ ಹೋದ್ಲು ಅಂತ. ನೋಡಿದ್ವಿ ಅಜ್ಜಿ, ನೋಡಿದ್ವಿ ಅಂತಿದ್ರು. ಒಬ್ರಾದ್ರೂ ಬಾಯಿ ಬಿಡ್ಲಿಲ್ಲ. ಎಷ್ಟು ಒಳ್ಳೇ ಜನ.”

ಆ ಒಳ್ಳೆಯ ಜನ ಯಾವ ಹೆಸರನ್ನೂ ಕಾಣದೆ, ಮುದುಕಿಗೆ ಅರಳುಮರಳು ಎಂದು ತಲೆಯಾಡಿಸಿದವರು. ಅದು ಚಿತ್ರಗುಪ್ತನಿಗೆ ಗೊತ್ತಿತ್ತು. ಮೆಟ್ಟಿಲಲ್ಲಿ ಅವನನ್ನು ತಡೆದು, ಅಮ್ಮನನ್ನು ಯಾರಿಗಾದರೂ ತೋರಿಸಿ ಎಂದು ಟೀಚರೇ ಒಮ್ಮೆ ಹೇಳಿದ್ದಳು. ಅವನು ನೆಲ ನೋಡುತ್ತ ನಿಂತ.

“ಯಾಕೆ ಹಾಗೆ ಮಾಡ್ಕೊಂಡ್ಲು ಅಂತ ಇದರಲ್ಲಿ ಹಾಕಿಲ್ಲ.”

“ಒಂದೇ ಸಾಲು ಅಮ್ಮ. ಅಷ್ಟಕ್ಕೆ ಜಾಗ ಇರಲ್ಲ.”

“ಸಂಜೆ ನೀನು ಹೇಳು. ಈಗ ಬೇಡ.” ಅಮ್ಮ ಕನ್ನಡಕ ತೆಗೆದು ಪೇಪರನ್ನು ನಾಲ್ಕು ಮಡಿಕೆ ಮಾಡಿ ದಿಂಬಿನ ಪಕ್ಕಕ್ಕೆ ಇಟ್ಟಳು. “ಮುಂದಿನ ವರ್ಷದಿಂದ ನಾನೇ ಓದ್ಕೋತೀನಿ. ನಿನ್ನ ಕೈಲಿರೋ ಕೆಲಸ ತಾನೇ, ಹಾಕೋದು ಮಾತ್ರ ನಿಲ್ಲಿಸ್ಬೇಡ.”

“ಸರಿ ಅಮ್ಮ.”

“ಆ ಕೊನೇದನ್ನೂ ತೆಗೀಬೇಡ. ಹಾಗೇ ಇರ್ಲಿ. ಊರೆಲ್ಲ ಓದಿದ್ದಾಗಿದೆ, ನನ್ನೊಬ್ಬಳಿಗೋಸ್ಕರ ಯಾಕೆ ತೆಗೆಯೋದು?”

ಅವನು ಆಗಲಿ ಎಂದ. ಅಮ್ಮ ಗೋಡೆಯ ಕಡೆಗೆ ಹೊರಳಿ ಮಲಗಿದಳು. ಕಣ್ಣು ಮುಚ್ಚಲಿಲ್ಲ.